ಗಿಳಿಯಚ್ಚಿನ ಅನುಮಾನ

ನಾನು ಅಂಗೈಯಗಲದ ಒಂದು ಕಂಚಿನ ಅಚ್ಚು. ನನ್ನ ಮೈಯಲ್ಲಿ ಒಂದು ಗಿಳಿಯನ್ನು ಕೊರೆದಿದ್ದಾರೆ. ತೆಳುವಾದ ಬೆಳ್ಳಿಯ ತಗಡನ್ನು ನನ್ನ ಮೇಲಿಟ್ಟು, ಅದರ ಮೇಲೆ ಸೀಸದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದರೆ ತಗಡಿನಲ್ಲಿ ಗಿಳಿ ಮೂಡುತ್ತದೆ. ಜಮಖಂಡಿಯ ಮೌನಪ್ಪ ಪತ್ತಾರರು ನನ್ನನ್ನು ಎರಕ ಹೊಯ್ದರು. ಆಮೇಲೆ ಹದಿನೇಳು ದಿನ ಕಿಟಕಿಯ ಬೆಳಕಿಗೆ ಕೂತು ಸಣ್ಣ ಉಳಿಯಿಂದ ಒಂದೊಂದೇ ಗರಿಯನ್ನು ತಿದ್ದಿದರು. ಕೊನೆಗೆ ಕಣ್ಣು ಕೊರೆದು, ಮಗಳನ್ನು ಕರೆದು, "ನೋಡವ್ವಾ, ಜೀವ ಬಂತು," ಎಂದರು.

ಆ ಮಗಳೇ ದಾಕ್ಷಾಯಣಿ. ಮೌನಪ್ಪನವರು ತೀರಿಕೊಂಡ ಮೇಲೆ ಕುಲುಮೆಯ ಮುಂದೆ ಕೂತವಳು ಅವಳು. ತಮ್ಮ ಕಾಳಪ್ಪ ಮುಂದಿನ ಅಂಗಡಿಯಲ್ಲಿ ಗಿರಾಕಿಗಳನ್ನು ನೋಡಿಕೊಂಡ. ಅಕ್ಕ ಮಾಡುವುದು, ತಮ್ಮ ಮಾರುವುದು, ನಡುವೆ ನಾನು. ಗಿಳಿಯೋಲೆ ಬೇಕೆಂದು ಬೆಳಗಾವಿಯಿಂದಲೂ ಹೆಣ್ಣುಮಕ್ಕಳು ಬರುತ್ತಿದ್ದರು. ದಾಕ್ಷಾಯಣಿಯ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. "ಗಿಳಿ ಅಕ್ಕಾರು" ಎಂದರೆ ಸಾಕಿತ್ತು. ಅದು ನನ್ನಿಂದ ಬಂದ ಹೆಸರೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಹತ್ತೊಂಬತ್ತು ವರ್ಷ ಹೀಗೇ ಕಳೆಯಿತು. ಆಮೇಲೆ ನನಗೆ ಅನುಮಾನ ಶುರುವಾಯಿತು.

ಮಧ್ಯಾಹ್ನ ಕಾಳಪ್ಪ ಊಟಕ್ಕೆ ಮನೆಗೆ ಹೋದ ಕೂಡಲೇ ದಾಕ್ಷಾಯಣಿ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದಳು. ಹಾಗಿದ್ದೂ ಕುಲುಮೆ ಉರಿಯುತ್ತಿತ್ತು, ಸುತ್ತಿಗೆ ಬೀಳುತ್ತಿತ್ತು. ಆ ಪೆಟ್ಟು ನನ್ನ ಮೇಲಲ್ಲ! ಹಾಗಾದರೆ ಯಾವುದರ ಮೇಲೆ? ತಮ್ಮನ ಚಪ್ಪಲಿಯ ಸಪ್ಪಳ ಕೇಳಿದರೆ ಏನನ್ನೋ ಸರ್ರನೆ ಡಬ್ಬಿಗೆ ಹಾಕಿ, ನನ್ನನ್ನು ಬಿಚ್ಚಿ ಮುಂದಿಟ್ಟುಕೊಳ್ಳುತ್ತಿದ್ದಳು. ಒಂದು ದಿನ ನನ್ನ ಗಿಳಿಯ ರೆಕ್ಕೆಗೆ ಬೆಚ್ಚಗಿನ ಮೇಣವನ್ನು ಒತ್ತಿ ಎಬ್ಬಿಸಿಕೊಂಡಳು. ನನ್ನದೊಂದು ನಕಲು ತಯಾರಾಗುತ್ತಿದೆ, ನನ್ನನ್ನು ಮೂಲೆಗೆ ಹಾಕುತ್ತಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಇದಾಗಿ ಎರಡು ತಿಂಗಳಿಗೆ ಒಬ್ಬ ಟೀಚರಮ್ಮ ಅಂಗಡಿಗೆ ಬಂದರು. ಕಿವಿಯೋಲೆಯ ಕೊಕ್ಕೆ ಸಡಿಲಾಗಿದೆ, ಸರಿಮಾಡಿ ಕೊಡಿ ಎಂದರು. ಗಾಳಿಗೆ ಬಾಗಿದ ಒಂದೇ ಗರಿಯಂಥ ಓಲೆ. ಗಿಳಿಯಿಲ್ಲ, ಗೆಜ್ಜೆಯಿಲ್ಲ.

"ಎಲ್ಲಿ ತಗೊಂಡ್ರಿ ಇದನ್ನ?" ಎಂದ ಕಾಳಪ್ಪ.

"ಹುಬ್ಬಳ್ಳ್ಯಾಗ ಒಂದ್ ಪ್ರದರ್ಶನ ಇತ್ರಿ. ಮಾಡಿದವ್ರ ಹೆಸರ ಇರಲಿಲ್ಲ. ಭಾಳ ಛಂದ ಕಾಣಿಸ್ತು, ತಗೊಂಡೆ."

ಕಾಳಪ್ಪ ಕೊಕ್ಕೆಯನ್ನು ಬೆಳಕಿಗೆ ಹಿಡಿದ. ತಂತಿಯನ್ನು ಎರಡೂವರೆ ಸುತ್ತು ಸುತ್ತಿ ತುದಿಯನ್ನು ಒಳಕ್ಕೆ ಮಡಚಲಾಗಿತ್ತು. ಹಾಗೆ ಮಡಚುತ್ತಿದ್ದವರು ಅವನ ಅಪ್ಪ. ಅವರ ನಂತರ ಅಕ್ಕ ಒಬ್ಬಳೇ.

ಅವನು ಅಂದು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಊಟಕ್ಕೆ ಹೊರಟವನು ಅರ್ಧ ದಾರಿಯಿಂದ ಮರಳಿ ಬರತೊಡಗಿದ. ಅಕ್ಕ ಕೈ ತೊಳೆಯಲು ಎದ್ದರೆ ಅವಳ ಡಬ್ಬಿಗಳನ್ನು ತಡಕಾಡುತ್ತಿದ್ದ. ಅಕ್ಕನಿಗೂ ಅದು ಗೊತ್ತಾಯಿತು. ಡಬ್ಬಿಯ ಜಾಗ ಬದಲಿಸಿದಳು. ಅದರಿಂದ ಅವನ ಶಂಕೆ ಇನ್ನಷ್ಟು ಗಟ್ಟಿಯಾಯಿತು. ಇಬ್ಬರೂ ಮೊದಲಿನಂತೆಯೇ ಚಹಾ ಕುಡಿಯುತ್ತಿದ್ದರು, ಆದರೆ ಒಬ್ಬರ ಕಣ್ಣು ಇನ್ನೊಬ್ಬರ ಕೈ ಮೇಲೆ.

ಒಂದು ದಿನ ಅವನು ನನ್ನನ್ನು ಎತ್ತಿ ಮೂಸಿದ. ನನ್ನ ಗರಿಗಳ ಸಂದಿಯಲ್ಲಿ ಒಂದು ಚೂರು ಮೇಣ ಉಳಿದಿತ್ತು.

"ಅಕ್ಕಾ, ಖರೇ ಹೇಳು. ಅಪ್ಪನ ಅಚ್ಚಿನ ನಕಲು ಯಾರಿಗೆ ಕೊಡಾಕತ್ತಿ?"

ದಾಕ್ಷಾಯಣಿ ತಲೆಯೆತ್ತಿದಳು. "ಯಾರಿಗೂ ಇಲ್ಲ. ಬರೇ ಒಂದ್ ಗರಿ ತಗೊಂಡೆ. ಅಪ್ಪನ ಕೈ ಅಲ್ಲಿ ಹೆಂಗ ತಿರಗೇತಿ ನೋಡ್ಬೇಕಿತ್ತು. ಅದನ್ನ ಇಟ್ಕೊಂಡು ನಂದ ಒಂದ್ ಏನರೆ ಮಾಡಬೇಕಿತ್ತು."

"ಕದ್ದು ಯಾಕ ಮಾಡ್ಬೇಕು?"

"ನಾ ಮಾಡಿದ ಮೊದಲನೇದು ನಿನಗ ತೋರಿಸಿದ್ನಲ್ಲೋ. ಗಿರಾಕಿ ಮುಂದನ ನಕ್ಕಿ. ಗಿಳಿ ಬಿಟ್ರ ನಿನ್ನ ಯಾರು ಕೇಳ್ತಾರ ಅಂದಿ. ಅದಕ್ಕ ಹುಬ್ಬಳ್ಳ್ಯಾಗ ಹೆಸರಿಲ್ದ ಇಟ್ಟೆ. ಯಾರರೆ ಕೇಳ್ತಾರೇನು ನೋಡೂಣು ಅಂತ. ಕೇಳಿದ್ರು."

ಕಾಳಪ್ಪ ನಂಬಲಿಲ್ಲ. ನಂಬಿದನೋ ಏನೋ, ಒಪ್ಪಿಕೊಳ್ಳಲಿಲ್ಲ. ನನ್ನನ್ನು ಅಂಗಡಿಯ ಕಪಾಟಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದ. ಬೇಕಾದಾಗ ಬಂದು ಕೇಳು ಎಂದ. ಅಪ್ಪನ ಅಚ್ಚಿಗಾಗಿ ತಮ್ಮನ ಮುಂದೆ ಕೈ ಚಾಚುವುದು ಅವಳಿಂದ ಆಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಉಳಿ, ಸುತ್ತಿಗೆ, ಊದುಕೊಳವೆ ಕಟ್ಟಿಕೊಂಡು ಎರಡು ಓಣಿ ಆಚೆ ಬಾಡಿಗೆ ಕೋಣೆ ಹಿಡಿದಳು.

ನನ್ನ ಮೇಲೆ ಆಮೇಲೆ ಬೇರೆಯವರ ಸುತ್ತಿಗೆ ಬಿತ್ತು. ಅವಳ ಜಾಗಕ್ಕೆ ಬಂದ ಕೆಲಸಗಾರ ಅವಸರದವನು. ಮೊಂಡು ಪೆಟ್ಟುಗಳಿಂದ ನನ್ನ ಗಿಳಿಯ ಕೊಕ್ಕು ಸವೆಸಿದ. ಓಲೆ ನೋಡಿದ ಹಳೆಯ ಗಿರಾಕಿಗಳು, "ಇದು ಅಕ್ಕಾರ ಕೈದಲ್ಲ ಬಿಡ್ರಿ," ಎಂದು ಎದ್ದು ಹೋದರು. ಜನ ಹುಡುಕಿಕೊಂಡು ಬರುತ್ತಿದ್ದುದು ನನ್ನನ್ನಲ್ಲ ಎಂದು ನನಗೆ ಅಂದು ತಿಳಿಯಿತು.

ಆರು ವರ್ಷವಾದ ಮೇಲೆ ಒಂದು ಬೆಳಿಗ್ಗೆ ಕಾಳಪ್ಪ ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಹಳೇ ಕಂಚು ಕಬ್ಬಿಣ ಕೊಳ್ಳುವ ಮೋಡಕಾ ಅಂಗಡಿಗೇ ಇರಬೇಕೆಂದು ನಾನು ಹೆದರಿದೆ. ಚೀಲ ತೆರೆದಾಗ ಎದುರಿಗೆ ದಾಕ್ಷಾಯಣಿ. ತಲೆ ಪೂರ್ತಿ ನೆರೆತಿತ್ತು. ಕಾಳಪ್ಪ ನನ್ನನ್ನು ಅವಳ ಮುಂದಿಟ್ಟು ಬಾಗಿಲಲ್ಲೇ ನಿಂತ.

"ಮೇಘಾನ ಲಗ್ನ ಗೊತ್ತಾತು," ಎಂದ. ಮೇಘಾ ಅವನ ಮಗಳು. "ಆಕಿಗೆ ಓಲೆ ಮಾಡಿ ಕೊಡಬೇಕು."

"ಗಿಳಿ ಸವದೈತಲ್ಲೋ," ಎಂದಳು ಅವಳು, ನನ್ನ ಮೇಲೆ ಬೆರಳಾಡಿಸಿ.

"ಗಿಳಿ ಬ್ಯಾಡ. ನಿನಗೆ ಹೆಂಗ ತಿಳಿತದೋ ಹಂಗ ಮಾಡು." ಖಾಲಿ ಚೀಲವನ್ನು ಮಡಚುತ್ತ ಸೇರಿಸಿದ: "ನಿನ್ನ ಹೆಸರ ಹಾಕು."

ಅವಳು ಗೋಡೆಗೆ ಆನಿಸಿಟ್ಟಿದ್ದ ಮಣೆಯನ್ನು ಅವನತ್ತ ಸರಿಸಿದಳು. ಅವನು ಕೂತ.

ಈಗ ನಾನು ಅವಳ ಕಿಟಕಿಯ ಕಟ್ಟೆಯ ಮೇಲಿದ್ದೇನೆ. ಸುತ್ತಿಗೆ ನನ್ನ ಮೇಲೆ ಬೀಳುವುದಿಲ್ಲ. ಹೊಸದೊಂದು ತೋಚದೆ ಕೂತಾಗ ಅವಳು ನನ್ನನ್ನು ಎತ್ತಿ ನೋಡುತ್ತಾಳೆ, ಮತ್ತೆ ಇಟ್ಟು ಬೇರೇನನ್ನೋ ಮಾಡತೊಡಗುತ್ತಾಳೆ. ಅಂದು ತಮ್ಮನ ಜೊತೆ ನಾನೂ ಅವಳನ್ನು ಶಂಕಿಸಿದ್ದೆ. ಅವನಿಗೆ ಬಂದು ಹೇಳಲು ಬಾಯಿತ್ತು, ನನಗಿಲ್ಲ. ಅದಕ್ಕೇ ಇದನ್ನು ನಿಮ್ಮೆದುರು ಹೇಳಿಕೊಂಡೆ.