ಜೀಪನ್ನು ವಾಪಸು ಕಳಿಸಿದ ಅಧಿಕಾರಿ

"ಗಿರಿಜಾಂಬಿಕಾ ಅಮ್ಮೋರು ತೀರ್ಹೋಗ್ಬುಟ್ರು ಕಣ್ರೀ," ಎಂದು ತುಮಕೂರು ಬಸ್ಸಿನ ಕಂಡಕ್ಟರು ಹೇಳಿದಾಗ ನಾನು ಪೂಜೆ ಮುಗಿಸಿ ಆಗತಾನೇ ಹೊರಗೆ ಬಂದಿದ್ದೆ. ಅಡಿಗೆಯ ಬೋರಮ್ಮ ಒಲೆಯ ಮುಂದೆ ಕುಸಿದು ಕುಳಿತು ಅತ್ತಳು. ಸರ್ಕಾರದ ಅಧಿಕಾರಿಯೊಬ್ಬರಿಗಾಗಿ ಕಿಬ್ಬನಹಳ್ಳಿಯಲ್ಲಿ ಹಾಗೆ ಯಾರೂ ಅತ್ತದ್ದನ್ನು ನಾನು ಕಂಡಿಲ್ಲ.

ಅವರನ್ನು ನಾನು ಮೊದಲು ಕಂಡದ್ದು ಎಪ್ಪತ್ತೆಂಟನೆಯ ಇಸವಿಯಲ್ಲಿ. ಮನೆ ಬಿಟ್ಟು ಓಡಿಬಂದು ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಹುಡುಗರಿಗಾಗಿ ಹಳೆಯ ಕೊಬ್ಬರಿ ಮಳಿಗೆಯೊಂದರಲ್ಲಿ ಆಶ್ರಯ ನಡೆಸುತ್ತಿದ್ದೆ. ಕೈ ಬರಿದಾಗಿತ್ತು. ಸರ್ಕಾರದ ಅನುದಾನ ಬಾರದಿದ್ದರೆ ಯುಗಾದಿಯ ಹೊತ್ತಿಗೆ ಬಾಗಿಲು ಹಾಕಬೇಕಿತ್ತು. ಅದರ ತನಿಖೆಗೆಂದು ಅಮ್ಮನವರು ಬಂದರು.

ಜೀಪಿನ ಸದ್ದು ಕೇಳಿದ್ದೇ ತಡ, ಪೊಲೀಸರು ಹಿಡಿದು ಮನೆಗೆ ಅಟ್ಟುತ್ತಾರೆಂದು ಹುಡುಗರೆಲ್ಲ ಹಿತ್ತಲ ಗೋಡೆ ಹಾರಿ ತೆಂಗಿನ ತೋಟದೊಳಗೆ ಮಾಯವಾದರು. ನನಗೆ ದಿಕ್ಕೇ ತೋಚಲಿಲ್ಲ. ಬೋರಮ್ಮ ಕೇರಿಯ ಮಕ್ಕಳನ್ನು ಎಳೆತಂದು ಸಾಲಾಗಿ ಕೂರಿಸಿಬಿಟ್ಟಳು.

ಅಮ್ಮನವರು ಒಬ್ಬನನ್ನು ಕೇಳಿದರು: "ನಿಂಗೆ ಅಪ್ಪ ಅಮ್ಮ ಇಲ್ವೇನಪ್ಪ?"

"ಅವ್ರೆ ಕಣ್ರೀ. ಪಾಯ್ಸ ಕೊಡ್ತೀನಿ, ಬಾಯಿ ಮುಚ್ಕೊಂಡು ಕುಂತ್ಕೋ ಅಂತ ಬೋರಕ್ಕ ಕರ್ಕೊಂಡು ಬಂದ್ಲು."

"ಥೂ ನಿನ್ನ! ಪಾಯ್ಸನೂ ಇಲ್ಲ, ಏನೂ ಇಲ್ಲ, ನಡಿಯಲಾ ಮನೆಗೆ!" ಎಂದಳು ಬೋರಮ್ಮ.

ನಾನು ಕೈಮುಗಿದು ನಡೆದದ್ದನ್ನು ನಡೆದಂತೆ ಹೇಳಿದೆ. ಅಮ್ಮನವರು ಗದರಲಿಲ್ಲ. ಡ್ರೈವರನ್ನು ಕರೆದು, "ನೀನು ಜೀಪ್ ತಗೊಂಡು ತಿಪಟೂರಿಗೆ ಹೋಗಪ್ಪ. ನಾನು ಬಸ್ಸಲ್ಲಿ ಬರ್ತೀನಿ," ಎಂದರು. ಆಮೇಲೆ ಜಗಲಿಯ ಮೇಲೆ ಕುಳಿತು, ಬೋರಮ್ಮ ಅಂಜುತ್ತ ತಂದಿಟ್ಟ ಮುದ್ದೆಯನ್ನು ಉಂಡು, ಕಾದರು.

ಹೊತ್ತಿಳಿಯುವಾಗ ಗೋಡೆಯ ಮೇಲೊಂದು ತಲೆ ಕಂಡಿತು.

"ಬೋರಕ್ಕ, ಪೊಲೀಸ್ರು ಹೋದ್ರಾ?"

"ಹೋದ್ರು, ಇಳಿಯಲಾ. ಸೌದೆ ತರಾಕೆ ನಿಮ್ ತಾತ ಬತ್ತಾನಾ?"

ಅವನ ಹಿಂದೆ ಇಬ್ಬರು ಬಂದರು, ಆಮೇಲೆ ಉಳಿದವರೆಲ್ಲ. ಯಾರೂ ಹೇಳದೆಯೇ ತಟ್ಟೆ ತೊಳೆದುಕೊಂಡು ತಮ್ಮ ತಮ್ಮ ಜಾಗದಲ್ಲಿ ಕುಳಿತರು. ಅಮ್ಮನವರು ಆಗ ಪೆನ್ನು ತೆಗೆದರು.

"ಓಡಿಹೋಗೋಕೆ ದಾರಿ ಇತ್ತು, ಆದ್ರೂ ತಾವಾಗೇ ವಾಪಸ್ ಬಂದ್ರು ಅಂತ ಬರೀತೀನಿ, ಯಜಮಾನ್ರೇ. ನಿಮ್ಮ ಆಶ್ರಯಕ್ಕೆ ಅನುದಾನ ಕೊಡೋಕೆ ಇದಕ್ಕಿಂತ ಇನ್ನೇನು ಬೇಕು?"

ಯುಗಾದಿಗೆ ಮೊದಲೇ ಅನುದಾನ ಮಂಜೂರಾಯಿತು. ಇಂದಿಗೂ ಬಾಗಿಲು ಹಾಕಿಲ್ಲ. ಅಂದು ಗೋಡೆ ಹಾರಿದವರಲ್ಲಿ ಒಬ್ಬ ತುರುವೇಕೆರೆಯಲ್ಲಿ ಅಂಗಡಿ ಇಟ್ಟಿದ್ದಾನೆ. ಇನ್ನೊಬ್ಬ ತಾನಾಗಿಯೇ ಹೆತ್ತವರ ಬಳಿಗೆ ಹೋದ. ಎಲ್ಲವೂ ಆ ತಾಯಿಯ ಋಣ.

ಪರಮೇಶ್ವರಾ, ಗಿರಿಜಾಂಬಿಕಾ ಅಮ್ಮನವರ ಆತ್ಮಕ್ಕೆ ನಿನ್ನ ಪಾದದಲ್ಲಿ ಎಡೆ ಕೊಡು, ಶಾಂತಿ ಕರುಣಿಸು.