ಶ್ಯಾಡ್ ಮೀನು ಮಗ್ಗುಲಾಗುವ ಚಳಿ

ದೋಣಿಯ ಪಕ್ಕದಲ್ಲೇ ಬೆಳ್ಳಗಿನದೇನೋ ತೇಲಿ ಹೋಯಿತು, ಮಂಜುಗಡ್ಡೆಯ ಚೂರು ಅಂದುಕೊಂಡ, ಶ್ಯಾಡ್, ಬೆರಳುದ್ದದ ಶ್ಯಾಡ್ ಮೀನು, ಮಗ್ಗುಲಾಗಿ ಬಿದ್ದಿದೆ, ಒಂದು ಕಣ್ಣು ನೀರಿನೊಳಕ್ಕೆ, ಇನ್ನೊಂದು ನೇರ ಆಕಾಶಕ್ಕೆ, ಕಿವಿರು ತೆರೆಯುತ್ತದೆ, ಮುಚ್ಚುತ್ತದೆ, ಜೀವ ಇದೆ, ಈಜುವ ತ್ರಾಣ ಹೋಗಿದೆ — ಬಂತು ಹಾಗಾದರೆ, ಶ್ಯಾಡ್ ಸಾಯುವ ಕಾಲ, ಅವನ್ನು ತಿನ್ನಲು ದೊಡ್ಡ ಟ್ರೌಟ್ ಮೀನುಗಳು ಮೇಲೇಳುವ ಕಾಲ, ಈ ಸಲದ ಚಳಿಗೂ ಬಂತು, ಡಾರ್ಸಿ ಟ್ಯಾಕೆಟ್ ತುಟಿ ಬಿಗಿ ಹಿಡಿದ, ಬಾಯಿ ಬಿಟ್ಟರೆ ಮುಂದೆ ಕೂತಿರುವ ಈ ಮೆಂಫಿಸ್‌ನ ಹಲ್ಲಿನ ಡಾಕ್ಟರು ಪ್ರೂಯಿಟ್ ಫೋನು ತೆಗೆದು ಊರಿಗೆಲ್ಲ ಟಾಂಟಾಂ ಹೊಡೆಯುತ್ತಾನೆ, ಸಂಜೆಯೊಳಗೆ ಅಣೆಕಟ್ಟಿನ ಬುಡದಲ್ಲಿ ಗಾಳದವರ ಜಾತ್ರೆ, ಬೆಚ್ಚಗಿರಲೆಂದು ಕೈಗವಸಿನೊಳಗೆ ಬ್ಯಾಟರಿ ಇಟ್ಟುಕೊಂಡು, ಕಾಸು ಕೊಟ್ಟು ನನ್ನ ದೋಣಿಯಲ್ಲಿ ಮೀನು ಹಿಡಿಯಲು ಬಂದ ಗಿರಾಕಿ, ಚಳಿ ಅಂದರೆ ಏನು ಅಂತ ಇವನಿಗೇನು ಗೊತ್ತು. ನೆತ್ತಿಯ ಮೇಲೆ ಬಿಳಿ ಹಕ್ಕಿಗಳು ಸುತ್ತುತ್ತಿದ್ದವು. ಏನ್ರೀ ಡಾರ್ಸಿ, ಇವು ಸಮುದ್ರದ ಹಕ್ಕಿಗಳಲ್ವಾ, ಇಲ್ಲಿಗ್ಯಾಕೆ ಬಂದ್ವು? ಹಸಿವಾಗಿರ್ಬೇಕು ಸಾರ್. ಅಷ್ಟು ಸಾಕು ಇವನಿಗೆ, ಉಳಿದದ್ದು ಹೇಳಿದರೂ ತಲೆಗೆ ಹೋಗುವುದಿಲ್ಲ, ಅಣೆಕಟ್ಟಿನ ಗೋಡೆಯ ಆಚೆ ಸರೋವರ ಬೇಸಿಗೆಯಿಡೀ ಮೇಲೆ ಬೆಚ್ಚಗೆ ಕೆಳಗೆ ತಣ್ಣಗೆ ಎರಡು ಮನೆ ಮಾಡಿಕೊಂಡು ಕೂತಿರುತ್ತದೆ, ಎಲೆ ಉದುರುವ ಹೊತ್ತಿಗೆ ಮೇಲಿನ ನೀರು ತಣಿದು ಭಾರವಾಗಿ ಇಳಿಯುತ್ತದೆ, ಅಡಿಯದು ಮೇಲೇಳುತ್ತದೆ, ಸರೋವರಕ್ಕೆ ಸರೋವರವೇ ಮಗುಚಿಕೊಳ್ಳುತ್ತದೆ, ಆಮೇಲೆ ಮೇಲೂ ಅದೇ ಕೆಳಗೂ ಅದೇ, ಬೆಚ್ಚಗಿನ ಮೂಲೆ ಅಂತ ಒಂದೂ ಉಳಿಯುವುದಿಲ್ಲ, ಜನವರಿಯಲ್ಲಿ ಉತ್ತರದ ಗಾಳಿ ಬಿಡದೆ ಬೀಸಿತೋ, ಶ್ಯಾಡ್‌ಗಳಿಗೆ ಓಡಿಹೋಗಲು ಜಾಗವಿಲ್ಲ, ಮಂಕಾಗಿ ಅಣೆಕಟ್ಟಿನ ಕರೆಂಟು ಯಂತ್ರದ ಬಾಯಿಗೆ ಬೀಳುತ್ತವೆ, ಈಚೆ ಹೊಳೆಗೆ ಬರುವಾಗ ಹೀಗೆ, ಮಗ್ಗುಲಾಗಿ, ಒಂದು ಕಣ್ಣು ಮೇಲಕ್ಕೆ. ಓಲೀಟಾ ಕೂಡ ಎಲೆ ಉದುರುವ ಅಂಥದ್ದೇ ಒಂದು ಅಕ್ಟೋಬರಿನಲ್ಲಿ ಮಗುಚಿಕೊಂಡಳು, ಅಷ್ಟು ವರ್ಷ ಮೇಲೆ ಮೇಲೆ ನಗುನಗುತ್ತ ಕಾಫಿ ಸುರಿದುಕೊಟ್ಟ ಹೆಂಡತಿ, ಅಡಿಯಲ್ಲಿದ್ದದ್ದೆಲ್ಲ ಒಂದೇ ಸಂಜೆಯಲ್ಲಿ ಮೇಲೆ ಬಂತು, ನಾನು ವೆಂಡೆಲ್ ಮನೆಗೆ ಹೋಗ್ತೀನಿ ಡಾರ್ಸಿ, ನಿಮ್ಮಣ್ಣ ಮಾತಾದ್ರೂ ಆಡ್ತಾರೆ, ನಿಮ್ಮಣ್ಣ ಅಂದಳು, ಆ ಹೊತ್ತಲ್ಲೂ ನಿಮ್ಮಣ್ಣ. ಪ್ರೂಯಿಟ್ ಗಾಳ ಜಗ್ಗಿದ. ಎಳೀಬೇಡಿ ಸಾರ್, ಸುಮ್ನೆ ತೇಲೋಕೆ ಬಿಡಿ, ಗಾಳದ ತುದೀಲಿರೋದು ಸಾಯ್ತಾ ಇರೋ ಮೀನು, ಸಾಯೋದು ಎಗರಾಡುತ್ತಾ? ನನ್ನ ಕುರ್ಚೀಲಿ ಕೂತೋರೆಲ್ಲ ಎಗರಾಡ್ತಾರೆ ಕಣ್ರೀ, ಎಂದು ಪ್ರೂಯಿಟ್ ತನ್ನ ಮಾತಿಗೆ ತಾನೇ ನಕ್ಕ, ಕೆಳಗೆ ಕಂದು ಟ್ರೌಟ್ ಒಂದು, ತೋಳುದ್ದ, ಅವಸರವೇ ಇಲ್ಲದೆ ಮೇಲೆ ಬಂದು ತೇಲುತ್ತಿದ್ದ ಒಂದು ಶ್ಯಾಡನ್ನು ಬಾಯಿಗೆ ಹಾಕಿಕೊಂಡು ಹೋಯಿತು, ಅಟ್ಟಿಸಿಕೊಂಡು ಹೋಗುವ ಗೋಜಿಲ್ಲ, ಕಾದರೆ ಸಾಕು, ಡಾರ್ಸಿಗೆ ಅದು ಬಹಳ ಹಿಡಿಸಿತು.

ಹೊಳೆಯ ಮೇಲ್ಗಡೆ, ನೀರು ಕಲ್ಲುಗಳ ಮೇಲೆ ತೆಳ್ಳಗಾಗುವ ಕಡೆ, ಅದೇ ಹಸಿರು ದೋಣಿ, ಅಪ್ಪನ ದೋಣಿ, ಅದರಲ್ಲಿ ವೆಂಡೆಲ್, ಅಲ್ಲದೆ ಇನ್ಯಾರು, ಗಿರಾಕಿಯಿಲ್ಲದೆ ಒಬ್ಬನೇ, ದೋಣಿ ಇಳಿಸುವ ಕಟ್ಟೆಯ ಹತ್ತಿರ ಬೆಳಿಗ್ಗೆ ಮೇಣದ ಕಾಗದ ಬಿಚ್ಚಿ ಸೇಬಿನ ಕಡುಬು ತಿನ್ನುತ್ತಿದ್ದ, ಓಲೀಟಾ ಕೈಯ ಕರಿದ ಕಡುಬು, ದಾಲ್ಚಿನ್ನಿಯ ವಾಸನೆ ಅಲ್ಲಿಂದ ಇಲ್ಲಿಗೆ ಬಂತು, ಬೇಕೆಂದೇ ಗಾಳಿ ಬರುವ ದಿಕ್ಕಿಗೆ ನಿಂತಿದ್ದ, ಹಾಳಾಗಿ ಹೋಗಲಿ ಅವನ ಹೊಟ್ಟೆ. ಮೊದಲು ಬಂದವನಿಗೆ ಆ ಜಾಗ, ಮಿಕ್ಕವರು ದೂರದಿಂದ ತೇಲಿಕೊಂಡು ಹೋಗಬೇಕು, ಅದು ಹೊಳೆಯವರ ಮರ್ಯಾದೆ, ಸರಿ, ಆದರೆ ಅವನ ದೋಣಿ ತೇಲುತ್ತಿಲ್ಲ — ಡಾರ್ಸಿ ಕಣ್ಣು ಕಿರಿದು ಮಾಡಿ ನೋಡಿದ — ನಿಂತಿದೆ, ಹಿಂದುಗಡೆ ಹಗ್ಗ ಬಿಗಿದು ನಿಂತಿದೆ, ಲಂಗರು ಹಾಕಿದ್ದಾನೆ, ಅಣೆಕಟ್ಟಿನ ಕೆಳಗೆ ಲಂಗರು! ಲಂಗರು ಹಾಕೋರು ಕೆರೆಗೆ ಹೋಗ್ರೋ, ನನ್ನ ದೋಣಿ ಮುಟ್ಬೇಡಿ, ಅಪ್ಪ ಇಬ್ಬರನ್ನೂ ನಿಲ್ಲಿಸಿಕೊಂಡು ಬೈದದ್ದು ಈಗಲೂ ಕಿವಿಯಲ್ಲಿದೆ, ಇಲ್ಲಿ ದೋಣಿಯ ಹಿಂದೆ ತಳಕ್ಕೆ ಸರಪಳಿ ಬಿಟ್ಟು ಎಳೆದುಕೊಂಡು ನಿಧಾನ ಮಾಡುತ್ತೇವೆ, ನೀರು ಏರಿದರೆ ಸರಪಳಿ ಜಾರುತ್ತದೆ, ಲಂಗರು ಜಾರುವುದಿಲ್ಲ, ದೋಣಿಯನ್ನೇ ಕೆಳಕ್ಕೆ ಜಗ್ಗುತ್ತದೆ, ಹೊಳೆಯಲ್ಲೇ ಹುಟ್ಟಿ ಬೆಳೆದ ಇವನಿಗೆ ಗೊತ್ತಿಲ್ಲವೇ, ಗೊತ್ತು, ಆಸೆ, ಶ್ಯಾಡ್ ಸಾಲಾಗಿ ಬರುತ್ತಿವೆ, ಟ್ರೌಟ್ ಗುಂಪು ಕಾಲಡಿಯಲ್ಲೇ ಇದೆ, ತೇಲಿ ಮುಂದೆ ಹೋದರೆ ಈ ಡಾರ್ಸಿ ಬಂದು ಸೇರಿಕೊಂಡಾನು ಅನ್ನುವ ಹೊಟ್ಟೆಕಿಚ್ಚು, ತಮ್ಮನ ಹೆಂಡತಿ ಸಾಲದು, ಟ್ರೌಟ್ ಕೂಡ ಅವನಿಗೇ ಬೇಕು.

ಅಣೆಕಟ್ಟಿನ ಸೈರನ್ ಕೂಗಿತು. ಏನ್ರೀ ಅದು? ಇನ್ನಷ್ಟು ಯಂತ್ರ ಓಡಿಸ್ತಾರೆ ಸಾರ್, ನೀರು ಏರುತ್ತೆ, ಗಾಳ ಸುತ್ಕೊಳಿ. ಈ ಚಳಿಗೆ ಊರೂರಿನವರೆಲ್ಲ ಹೀಟರ್ ಹಾಕಿಕೊಂಡು ಕೂತಿರಬೇಕು, ಅವರ ಬೆಚ್ಚಗಿನ ಕೋಣೆಗಳಿಗಾಗಿ ಇಲ್ಲಿ ಹೊಳೆ ಉಬ್ಬುತ್ತದೆ, ವೆಂಡೆಲ್ ಎದ್ದ, ಹಗ್ಗ ಎಳೆದ, ಬರಲಿಲ್ಲ, ಇನ್ನೊಮ್ಮೆ ಎಳೆದ, ಕಲ್ಲಿನ ಸಂದಿಗೆ ಸಿಕ್ಕಿದೆ, ಗಂಟು ಬಿಚ್ಚಲು ಬಗ್ಗಿದ, ಗಂಟು ಹೆಪ್ಪುಗಟ್ಟಿರಬೇಕು, ಬೆರಳು ಮರಗಟ್ಟಿರಬೇಕು, ಚೆನ್ನಾಗಾಯಿತು. ಡಾರ್ಸಿ, ಆ ಮನುಷ್ಯ ಏನೋ ಒದ್ದಾಡ್ತಿದ್ದಾನಲ್ರೀ. ಅವನಿಗೆ ಅಭ್ಯಾಸ ಇದೆ ಸಾರ್. ಅಂದುಬಿಟ್ಟ, ನಾಲಿಗೆ ತಡವರಿಸಲಿಲ್ಲ, ಎಷ್ಟು ಸಲೀಸಾಗಿ ಬಂತು ಮಾತು, ಓಲೀಟಾ ಕಪ್ಪು ಕೋಟು ಹಾಕಿ ಅವನ ಶವಪೆಟ್ಟಿಗೆಯೆದುರು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ, ನಾನು ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತೇನೆ, ಯಾರೂ ಏನೂ ಅನ್ನುವ ಹಾಗಿಲ್ಲ, ಲಂಗರು ಹಾಕಿದವನು ಅವನು, ಏರಿದ ನೀರು ಸರ್ಕಾರದ್ದು, ನಾನು ಬರೀ ಕೆಳಗಿದ್ದೆ, ಕಾದರೆ ಸಾಕು, ಹಸಿರು ದೋಣಿಯ ಹಿಂಭಾಗ ನೀರಿಗೆ ಕುಕ್ಕರಿಸಿತು, ವೆಂಡೆಲ್ ತಲೆಯೆತ್ತಿ ಇತ್ತ ನೋಡಿದ, ನೋಡಿಯೇ ನೋಡಿದ, ಕೂಗು, ಕೂಗೋ, ಒಂದು ಸಲ ಡಾರ್ಸಿ ಅಂತ ಕರಿ, ನನ್ನ ಮನೆ ಮುರಿದವನೇ, ಕರೆದರೆ ಬರುತ್ತೇನೆ — ಕರೆಯಲಿಲ್ಲ, ಮತ್ತೆ ಗಂಟಿಗೇ ಬಗ್ಗಿದ, ಕೊಬ್ಬು, ಅದೇ ಅಪ್ಪನ ಕೊಬ್ಬು, ನನಗೂ ಇರುವುದೇ, ನೀರು ಬಿಳಿ ನೊರೆಯಾಗಿ ದೋಣಿಯೊಳಕ್ಕೆ ಹೊಕ್ಕಿತು, ದೋಣಿಯಿತ್ತು, ಇಲ್ಲವಾಯಿತು. ರೀ! ಬಿದ್ದ! ಬಿದ್ದ ಕಣ್ರೀ ಅವನು! ಗೊತ್ತು, ಕಣ್ಣು ನನಗೂ ಇದೆ, ಕೂಗಬೇಡ, ಡಾರ್ಸಿಯ ಕೈ ಎಂಜಿನ್ ಮೇಲಿದೆ, ಆಗಿನಿಂದಲೂ ಅಲ್ಲೇ ಇದೆ, ಶ್ಯಾಡ್‌ಗಳು ಈಗ ಹಿಂಡು ಹಿಂಡಾಗಿ ಬರುತ್ತಿವೆ, ಒಂದೊಂದರದೂ ಒಂದೊಂದು ಕಣ್ಣು ಮೇಲಕ್ಕೆ, ಥೂ ಹಾಳಾದವನೇ, ಸಾಯುವುದಕ್ಕೂ ನನ್ನ ಮುಂದೆಯೇ ಬಂದೆಯಲ್ಲ, ಎಂದು ಬೈದುಕೊಳ್ಳುತ್ತಲೇ ಎಂಜಿನ್ ತಿರುಗಿಸಿದ.

ಸಿಟ್ಟಿನಲ್ಲೇ ಹೋದ, ಪ್ರೀತಿ ಗೀತಿ ಏನೂ ಇರಲಿಲ್ಲ, ಬರೀ ಸಿಟ್ಟು, ಇವನನ್ನು ಉಳಿಸಿದರೆ ಓಲೀಟಾ ಬಾಗಿಲಿಗೆ ಬಂದು ಥ್ಯಾಂಕ್ಸ್ ಹೇಳುತ್ತಾಳೆ, ಕಣ್ಣಲ್ಲಿ ನೀರು ತುಂಬಿಕೊಂಡು, ಅದನ್ನು ಹೇಗೆ ತಡೆದುಕೊಳ್ಳುವುದು, ಸಾಯಲು ಬಿಟ್ಟರೆ ಏನನ್ನೂ ಹೇಳುವುದಿಲ್ಲ, ಅದನ್ನೂ ಹೇಗೆ — ಕಂದು ಕೋಟು ನೊರೆಯಲ್ಲಿ ಉರುಳುತ್ತಿದೆ, ಡಾರ್ಸಿ ಕೊರಳಪಟ್ಟಿಗೆ ಕೈ ಹಾಕಿದ, ಹಿಡಿದ, ಹಿಡಿದೇ ಇದ್ದ, ಎಳೆಯಲಿಲ್ಲ, ಒಂದು ಉಸಿರಿನಷ್ಟು ಹೊತ್ತು ಎಳೆಯಲೇ ಇಲ್ಲ, ಯಾರೂ ನೋಡದ ಒಂದು ಉಸಿರು, ವೆಂಡೆಲ್‌ನ ತುಟಿ ನೀಲಿಯಾಗಿತ್ತು, ಅಲ್ಲಾಡಿತು, ಈಗ ಬೇಡಿಕೊಳ್ಳುತ್ತಾನೆ, ಈಗ ತಪ್ಪಾಯ್ತು ಅನ್ನುತ್ತಾನೆ, ಡಾರ್ಸಿ ಕಿವಿ ಕೊಟ್ಟ — ಲೋ... ಲಂಗರು ಹಾಕಿದ್ದೆ ಅಂತ... ಯಾರ್ಗೂ ಹೇಳ್ಬೇಡ ಕಣೋ. ಇದಾ! ಇದಕ್ಕಾ ಬಾಯಿ ಬಿಟ್ಟೆ! ಬಾಯ್ಮುಚ್ಚೋ ಮುದುಕ, ಎಂದು ಕಿರುಚಿ ಎಳೆದ, ಪ್ರೂಯಿಟ್ ಬ್ಯಾಟರಿಯ ಕೈಗವಸು ಕಿತ್ತೆಸೆದು ಕಾಲು ಹಿಡಿದು ಎಳೆದ, ಹಲ್ಲಿನ ಡಾಕ್ಟರಿಗೆ ಕೈಯಲ್ಲಿ ಬಲ ಇದೆ, ಇರಲೇಬೇಕಲ್ಲ, ಇಬ್ಬರೂ ಸೇರಿ ದೋಣಿಯ ತಳಕ್ಕೆ ಕೆಡವಿದರು. ಕೋಟು ಬಿಚ್ರೀ, ಒದ್ದೆ ಕೋಟು ಬಿಚ್ರೀ, ಪ್ರೂಯಿಟ್ ಏನೇನೋ ಹೇಳುತ್ತಿದ್ದಾನೆ, ಎಂಜಿನ್ ಒದರುತ್ತಿದೆ, ದಡ ಹತ್ತಿರ ಬರುತ್ತಿದೆ, ಈಗ ಇವನು ಎಲ್ಲಿಗೂ ಎದ್ದು ಹೋಗಲಾರ, ಇಷ್ಟು ವರ್ಷ ರಾತ್ರಿ ಹಗಲು ಕೂಡಿಟ್ಟ ಬೈಗುಳವೆಲ್ಲ ಈಗ ಸುರಿಯಬಹುದು, ನೀನು ನನ್ನ ಹೆಂಡತಿಯನ್ನು, ನೀನು ಅಪ್ಪನ ದೋಣಿಯನ್ನು, ನೀನು ಒಡಹುಟ್ಟಿದವನಾಗಿ, ಎಲ್ಲಿಂದ ಶುರು ಮಾಡುವುದು, ಶುರು ಮಾಡು ಡಾರ್ಸಿ, ನೀನು, ನೀನು — ಅಣ್ಣ ದೋಣಿಯ ತಳದಲ್ಲಿ ಮಗ್ಗುಲಾಗಿ ಬಿದ್ದಿದ್ದಾನೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಒಂದು ಕೆನ್ನೆ ಹಲಗೆಗೆ ಒತ್ತಿಕೊಂಡಿದೆ, ಒಂದು ಕಣ್ಣು ಮೇಲಕ್ಕೆ, ರೆಪ್ಪೆ ಬಡಿಯದೆ, ತನ್ನನ್ನೇ ನೋಡುತ್ತಿದೆ, ಒಂದು ಕಣ್ಣು, ಆ ಒಂದು ಕಣ್ಣು