ಬಾಳವ್ವನ ಎರಡು ಫೋಟೋ

ನಾನು ಒಂದು ಕ್ಯಾಮೆರಾ. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಕೈಗವಸು ತೊಟ್ಟ ಹೆಂಗಸೊಬ್ಬಳು ನನಗೆ ಮಸೂರ ಜೋಡಿಸಿದಳು. ಪರೀಕ್ಷೆಗೆಂದು ಒಮ್ಮೆ ಗುಂಡಿ ಒತ್ತಿ ಕಣ್ಣು ತೆರೆಸಿ, ಮುಚ್ಚಿಸಿ, ಪೆಟ್ಟಿಗೆಗೆ ಹಾಕಿದಳು. ಆ ಚೂರು ಬೆಳಕಿನ ರುಚಿ ಹತ್ತಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಹಡಗಿನಲ್ಲೂ ಹುಬ್ಬಳ್ಳಿಯ ಅಂಗಡಿಯ ಗಾಜಿನ ಕಪಾಟಿನಲ್ಲೂ ಚಡಪಡಿಸುತ್ತಲೇ ಇದ್ದೆ.

ನನ್ನನ್ನು ಕೊಂಡದ್ದು ಬಾಗಲಕೋಟೆ ಕಡೆಯ ‘ಹೊಸಹೆಜ್ಜೆ’ ಎಂಬ ಸೇವಾಸಂಸ್ಥೆ. ಕಾಲು ಕಳೆದುಕೊಂಡವರಿಗೆ ಅಲ್ಲಿ ಉಚಿತವಾಗಿ ಕೃತಕ ಕಾಲು ಮಾಡಿಕೊಡುತ್ತಿದ್ದರು. ನಡೆಸುತ್ತಿದ್ದವರು ದೇಸಾಯಿ ಬಾಯಿ. ಪ್ರಚಾರದ ಕೆಲಸ ಪ್ರಲ್ಹಾದನದು; ನಾನು ಅವನ ಕೊರಳಿಗೆ ಬಿದ್ದೆ. ಫೋಟೋ ನೋಡಿದವರ ಮನಸ್ಸು ಕರಗಬೇಕು, ಕರಗಿದರೆ ದೇಣಿಗೆ, ದೇಣಿಗೆ ಬಂದರೆ ಇನ್ನಷ್ಟು ಜನಕ್ಕೆ ಕಾಲು. ಅವನು ನಂಬಿದ್ದು ಇಷ್ಟು. ಅದು ಸುಳ್ಳೂ ಆಗಿರಲಿಲ್ಲ.

ಬಾಳವ್ವ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಲಾರಿ ಬಡಿದು ಎಡಗಾಲು ಹೋಗಿತ್ತು. ಹೊಸಹೆಜ್ಜೆಯ ಕಾಲು ಕಟ್ಟಿಕೊಂಡು, ಬಿದ್ದು ಎದ್ದು ನಡೆಯಲು ಕಲಿತು, ಗಿರಣಿಯ ಬಾಗಿಲು ಮತ್ತೆ ತೆರೆದಿದ್ದಳು. ಪ್ರಲ್ಹಾದ ನನ್ನನ್ನು ಹಿಡಿದು ಅವಳ ಮನೆಗೆ ಹೋದ.

“ಅಕ್ಕಾ, ಕಾಲು ಸ್ವಲ್ಪ ತಗದಿಡ್ರಿ. ಗ್ವಾಡಿಗೆ ಆನಿ ಕುಂದರ್ರಿ. ಹಾಂ, ಕೆಳಗ ನೋಡ್ರಿ.”

ಕಾಲು ಕೊಟ್ಟವರ ಮಾತು ಮೀರುವುದು ಹೇಗೆಂದು ಅವಳು ಕಾಲು ಬಿಚ್ಚಿ, ಗೋಡೆಗೆ ಒರಗಿ, ತಲೆ ತಗ್ಗಿಸಿ ಕೂತಳು. ನಾನು ಒಳಗೊಳಗೇ ಒದ್ದಾಡಿದೆ. ನನಗೂ ರೆಪ್ಪೆಯಿದೆ, ಆದರೆ ಅದರ ಗುಂಡಿ ಇನ್ನೊಬ್ಬರ ಬೆರಳಡಿ.

ಆ ಫೋಟೋ ದೊಡ್ಡ ಫ್ಲೆಕ್ಸ್ ಆಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿತು. ಫೋನಿನಿಂದ ಫೋನಿಗೂ ಹಾರಿತು. ದೇಣಿಗೆ ಬಂತು. ಒಂದು ದಿನ ಬಾಳವ್ವನೂ ಬಂದಳು, ಆಫೀಸಿನ ಮೆಟ್ಟಿಲು ದಡದಡ ಹತ್ತಿ.

“ಬಾಯಾರ, ನೀವು ಕೊಟ್ಟ ಕಾಲು ಆ ಫೋಟೋದಾಗ ಎಲ್ಲೈತ್ರಿ? ‘ಪಾಪ, ಬಾಳವ್ವನ ಕೈಲೆ ಇನ್ನ ಆಗೂದಿಲ್ಲ’ ಅಂತ ಮಂದಿ ಜ್ವಾಳ ತಗೊಂಡು ಬ್ಯಾರೆ ಗಿರಣಿಗೆ ಹೊಂಟಾರ. ನಾ ಏನ್ ಉಣ್ಲಿ? ಅವರ ಪಾಪ ಉಣ್ಲಿ?”

ದೇಸಾಯಿ ಬಾಯಿಯ ಮುಖ ಬಾಡಿತು. “ನಗೂ ಮಾರಿ ನೋಡಿದ್ರ ಯಾರೂ ಕೊಡೂದಿಲ್ಲ ಬಾಳವ್ವ. ಕಾಲು ಮಾಡೂದು ನಿಂತ್ರ ಏನ್ ಮಾಡ್ಲಿ?”

“ನಗಸ್ರಿ ಅಂತ ಯಾರಂದ್ರ? ನಾ ದುಡಿಯೂದರ ಫೋಟೋ ತಗೀರಿ.”

ದೇಸಾಯಿ ಬಾಯಿ ಪ್ರಲ್ಹಾದನನ್ನು ಕರೆದರು. “ಫ್ಲೆಕ್ಸ್ ಇಳಸು,” ಎಂದರು.

ಮರುದಿನ ಪ್ರಲ್ಹಾದ ನನ್ನನ್ನು ಗಿರಣಿಗೆ ಒಯ್ದ; ಅಲ್ಲಿ ನನ್ನ ಮೈಯೆಲ್ಲ ಹಿಟ್ಟು. ಬಾಳವ್ವ ಕೃತಕ ಕಾಲಿನ ಮೇಲೆ ಭಾರ ಹಾಕಿ ಜೋಳದ ಚೀಲ ಎತ್ತುತ್ತಿದ್ದಳು, ಉಳಿದ ನಾಲ್ಕೈದು ಗಿರಾಕಿಗಳಲ್ಲೇ ಸರತಿ ತಪ್ಪಿಸಿ ನುಗ್ಗಿದವನನ್ನು ಬೈಯುತ್ತಿದ್ದಳು. ಈ ಸಲ ಪ್ರಲ್ಹಾದ ಹೀಗೆ ಕೂಡು, ಹಾಗೆ ನೋಡು ಅನ್ನದೆ ಗುಂಡಿ ಒತ್ತುತ್ತ ಹೋದ. ನನ್ನ ಬೆನ್ನಿನ ಪರದೆಯಲ್ಲಿ ಅವಳು ಒಂದನ್ನು ಆರಿಸಿದಳು. “ಇದು ನಾ ನೋಡು.”

ಬಸ್‌ಸ್ಟ್ಯಾಂಡಿನ ಹೊಸ ಫ್ಲೆಕ್ಸಿನಲ್ಲಿ ಆ ಫೋಟೋ ನಿಂತಿತು. ಆ ವರ್ಷ ದೂರದೂರಿನ ದೇಣಿಗೆ ಇಳಿಯಿತು. ಕಾಲು ಮಾಡುವ ಶೆಡ್ಡು ಕೆಲವು ತಿಂಗಳು ಅರ್ಧ ದಿನ ಮಾತ್ರ ತೆರೆಯಿತು. ಆದರೆ ಕಾಲು ಕಳೆದುಕೊಂಡು ಮನೆಯೊಳಗೇ ಕೂತಿದ್ದವರು ಹೊರಗೆ ಬರತೊಡಗಿದರು. ಗೋಡೆ ಕಟ್ಟುವ ಗೌಂಡಿಯೊಬ್ಬ ತಮ್ಮನ ಬೈಕಿನ ಹಿಂದೆ ಕೂತು ಬಂದ. “ಗಿರಣಿ ಅಕ್ಕಗ ಕೊಟ್ಟೀರಲ್ರಿ, ಚೀಲ ಎತ್ತೂವಂಥಾ ಕಾಲು, ಅದ ಬೇಕ್ರಿ.” ಅವನು ಕೆಲಸಕ್ಕೆ ಹತ್ತಿದ್ದನ್ನು ಕಂಡ ಊರಿನ ವ್ಯಾಪಾರಿಗಳು ಒಬ್ಬೊಬ್ಬರಾಗಿ ಕೈ ಜೋಡಿಸಿದರು. ಬಾಳವ್ವನ ಗಿರಣಿಗೂ ಜೋಳ ತಿರುಗಿ ಬಂತು.

ಈಗ ನನ್ನ ಮಸೂರಕ್ಕೆ ಬೂಷ್ಟು ಹಿಡಿದಿದೆ. ಎಲ್ಲರೂ ಫೋನಿನಲ್ಲೇ ಫೋಟೋ ತೆಗೆಯುತ್ತಾರೆ. ನಾನು ಶೆಡ್ಡಿನ ಕಪಾಟಿನಲ್ಲಿದ್ದೇನೆ. ಮೊನ್ನೆ ಬಾಳವ್ವ ಕಾಲಿನ ಬೆಲ್ಟು ಬದಲಿಸಲು ಬಂದಿದ್ದಳು. ಪ್ರಲ್ಹಾದ ತಡವರಿಸುತ್ತ ತನ್ನ ಫೋನು ತೋರಿಸಿದ. ಮೊದಲಿನ ಫೋಟೋವನ್ನು ಯಾವುದೋ ಊರಿನ ಯಾರೋ ತಮ್ಮ ಹೆಸರಿನಲ್ಲಿ ದೇಣಿಗೆ ಕೇಳಲು ಹಾಕಿಕೊಂಡಿದ್ದರು.

“ಅಳಿಸಾಕ ಬರೂದಿಲ್ಲೇನು?”

“ಎಲ್ಲಾ ಕಡೆ ಹೋಗೈತಿ ಅಕ್ಕಾ. ಹಾಕಿದವರಿಗೆ ಹೇಳಿ ನೋಡ್ತೀನಿ.”

ಅವಳು ಹೊಸ ಬೆಲ್ಟು ಬಿಗಿದು, “ಗಿರಣಿ ತೆಗಿಯೂ ಹೊತ್ತಾತು,” ಎಂದು ಎದ್ದು ಹೋದಳು. ಅವಳ ಬೆನ್ನು ನನಗೆ ಮಂಜುಮಂಜಾಗಿ ಕಂಡಿತು. ಯಾರದೋ ಫೋನಿನಲ್ಲಿ ಅವಳು ಇನ್ನೂ ಗೋಡೆಗೆ ಒರಗಿ ಕೂತಿದ್ದಾಳೆ, ಎಬ್ಬಿಸುವವರಿಲ್ಲದೆ. ವಯಸ್ಸಾದರೆ ನೆಮ್ಮದಿ ಬರುತ್ತದಂತೆ. ನನಗೆ ಬಂದಿಲ್ಲ.